ಕಣ್ಣಿಗೆ ಬಡಿಸಿದ ಪಾನೀಯ

ಗೆಳೆಯರೊಬ್ಬರ ಮದುವೆಯ ಆರತಕ್ಷತೆಯಲ್ಲಿ ಎಲ್ಲವೂ ತಿಳಿನೇರಳೆ. ಪರದೆ, ಹೂವು, ವಧುವಿನ ಲೆಹೆಂಗಾ, ಕೊನೆಗೆ ಗ್ಲಾಸಿನಲ್ಲಿದ್ದದ್ದೂ ಅದೇ ಬಣ್ಣ. ವಧೂವರರ ಹೆಸರುಗಳನ್ನು ಅರ್ಧರ್ಧ ಜೋಡಿಸಿ ಆ ಕಾಕ್‌ಟೇಲಿಗೆ ನಾಮಕರಣ ಮಾಡಿದ್ದರು; ಕಾರ್ಡಿನಲ್ಲಿ ‘ಸಿಗ್ನೇಚರ್ ಕಾಕ್‌ಟೇಲ್’ ಎಂದಿತ್ತು. ಶಂಖಪುಷ್ಪ ಕುದಿಸಿದ ನೀಲಿ ನೀರು, ಜಿನ್, ಸಕ್ಕರೆಪಾಕ. ನಮ್ಮೆದುರಿಗೇ ನಿಂಬೆ ಹಿಂಡಿದಾಗ ನೀಲಿ ನೇರಳೆಗೆ ತಿರುಗಿತು, ಫೋನುಗಳು ಮೇಲೆದ್ದವು. ಕುಡಿದು ನೋಡಿದರೆ ಜಿನ್ ಬೆರೆಸಿದ ನಿಂಬೆ ಶರಬತ್ತು. ಆ ಹೂವಿಗೆ ಬಣ್ಣವಿದ್ದಷ್ಟು ರುಚಿಯಿಲ್ಲ. ಫೋಟೋಗೆಂದು ಹಿಡಿದ ಗ್ಲಾಸುಗಳನ್ನು ವಧೂವರರು ತುಟಿಗೂ ತಾಗಿಸದೆ ಕೆಳಗಿಟ್ಟರು.

ಆಗ ನೆನಪಾದದ್ದು ರೋಲಾಂ ಬಾರ್ತ್. 1957ರಲ್ಲಿ ಬಂದ ಅವರ ‘ಮಿಥಾಲಜೀಸ್’ನಲ್ಲಿ, ‘ಎಲ್’ ಪತ್ರಿಕೆ ಅಚ್ಚು ಹಾಕುತ್ತಿದ್ದ ಅಡುಗೆಯ ಬಣ್ಣದ ಚಿತ್ರಗಳ ಬಗ್ಗೆ ಒಂದು ಪುಟ್ಟ ಪ್ರಬಂಧವಿದೆ. ಅಲ್ಲಿನ ಅಡುಗೆಯ ಮೇಲೆ ಸದಾ ಸಾಸು, ಜೆಲ್ಲಿ, ಹೊಳಪಿನ ಲೇಪ. ಒಳಗಿನ ಪದಾರ್ಥ ಯಾವುದೆಂದೇ ಕಾಣದು. ಅದು ನೋಟಕ್ಕೆ ಮಾತ್ರ ಮಾಡಿದ ಅಡುಗೆ ಎನ್ನುತ್ತಾರೆ ಬಾರ್ತ್. ದುಡಿದು ತಿನ್ನುವ ಓದುಗರ ಜೇಬಿಗೆ ಅದು ಎಟುಕುವಂಥದ್ದಲ್ಲ, ಆದ್ದರಿಂದಲೇ ಅದು ಕನಸಾಗಿ ಉಳಿಯುತ್ತದೆ ಎಂಬುದು ಅವರ ವಾದದ ಮೊನೆ.

ಆದರೆ ಬಾರ್ತ್ ಕಂಡ ಅಡುಗೆ ಕಾಗದದ ಮೇಲಿತ್ತು, ನಾಲಿಗೆಗೆ ಅಲ್ಲಿ ಸಾಕ್ಷಿ ಹೇಳುವ ಅವಕಾಶವೇ ಇರಲಿಲ್ಲ. ಮದುವೆಯ ಪಾನೀಯ ಕೈಗೆ ಬರುತ್ತದೆ, ಬಾಯಿಗೂ ಬರುತ್ತದೆ. ಹಾಗಿದ್ದೂ ಚಿತ್ರವೇ ಗೆಲ್ಲುತ್ತದೆ. ಏಕೆಂದರೆ ಇಲ್ಲಿ ಕ್ರಮವೇ ತಲೆಕೆಳಗು: ಮೊದಲು ಬಣ್ಣ ನಿಗದಿಯಾಗುತ್ತದೆ, ಆಮೇಲೆ ಆ ಬಣ್ಣಕ್ಕೊಂದು ಪಾನೀಯ ಹುಡುಕುತ್ತಾರೆ. ನೀಲಿ ಬೇಕೆಂದರೆ ಬ್ಲೂ ಕ್ಯುರಸಾವ್. ಅದರ ರುಚಿ ಕಿತ್ತಳೆ ಸಿಪ್ಪೆಯದು, ನೀಲಿ ಮಾತ್ರ ಬೆರೆಸಿದ ಬಣ್ಣ. ಕಣ್ಣಿಗೊಂದು ಮಾತು, ನಾಲಿಗೆಗೊಂದು ಮಾತು.

ಸಿಗ್ನೇಚರ್ ಎಂದರೆ ಸಹಿ; ಇನ್ನೊಬ್ಬರ ಕೈಯಿಂದ ಬಾರದ್ದು. ಆದರೆ ಅದೇ ತಿಳಿನೇರಳೆ ಆಯ್ದ ಮುಂದಿನ ಜೋಡಿಗೂ ಇದೇ ಗ್ಲಾಸು ಸಿಗಬಹುದು, ಹೆಸರೊಂದು ಬದಲಾದರೆ ಸಾಕು. ಹಾಗಾದರೆ ಸಹಿ ಯಾರದು? ‘ಅವನದು’, ‘ಅವಳದು’ ಎಂದು ಎರಡು ಪಾನೀಯ ಇಡುವ ಪದ್ಧತಿಯೂ ಇದೆ. ಅವನಿಗೆ ಕಂದು ವಿಸ್ಕಿ, ಅವಳಿಗೆ ಸಿಹಿಯಾದ ಗುಲಾಬಿ ಬಣ್ಣದ್ದು ಎಂದು ಇಟ್ಟಲ್ಲಿ, ಸಂಸಾರ ಶುರುವಾಗುವ ಮೊದಲೇ ಯಾರು ಹೇಗಿರಬೇಕೆಂದು ಬಣ್ಣ ಬರೆದಿಟ್ಟಂತೆ.

ನಮ್ಮ ಮದುವೆಗಳಲ್ಲೂ ಬಣ್ಣದ ನೀರುಂಟಲ್ಲ ಎನ್ನಬಹುದು. ಆರತಿ ತಟ್ಟೆಯ ನೀರಿಗೆ ಅರಿಶಿನ ಹಾಕಿ ಸುಣ್ಣ ಕಲಸಿದರೆ ಕೆಂಪಾಗುತ್ತದೆ. ಆ ಕೆಂಪಿಗೊಂದು ಕೆಲಸವಿದೆ: ದೃಷ್ಟಿ ತೆಗೆಯುವುದು, ಆಮೇಲೆ ಹೊರಗೆ ಚೆಲ್ಲಿಹೋಗುವುದು. ರುಚಿಯ ಸೋಗು ಅದಕ್ಕಿಲ್ಲ. ಹಾಗೆಂದು ಅದನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಆ ತಟ್ಟೆ ಹಿಡಿಯಲು ಮುತ್ತೈದೆಯರೇ ಬೇಕೆಂದು ವಿಧವೆಯರನ್ನು ದೂರ ನಿಲ್ಲಿಸಿದ್ದೂ ನಾವೇ. ಹಳೆಯ ಬಣ್ಣಕ್ಕೂ ಹೊಸ ಬಣ್ಣಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಇದು ಯಾರನ್ನು ಮರೆಮಾಡುತ್ತಿದೆ?

ಕಾಕ್‌ಟೇಲೇ ತಪ್ಪು ಎಂಬ ತಕರಾರು ನನ್ನದಲ್ಲ. ಕರಾವಳಿಯ ಪುನರ್ಪುಳಿಯನ್ನು ನೋಡಿ. ಅದರ ಸಿಪ್ಪೆಯನ್ನು ನೆನೆಸಿದರೆ ಕೆಂಪೂ ಹುಳಿಯೂ ಒಟ್ಟಿಗೆ ಇಳಿಯುತ್ತವೆ. ಬಣ್ಣ ಹೇಳಿದ್ದನ್ನು ನಾಲಿಗೆ ಒಪ್ಪುತ್ತದೆ. ಇಬ್ಬರೂ ಕೂತು ತಮಗಿಷ್ಟವಾದದ್ದನ್ನು ಮೊದಲು ಬೆರೆಸಿ, ಪರದೆಯ ಬಣ್ಣವನ್ನು ಆಮೇಲೆ ಆರಿಸಲಿ. ಆಗ ಗ್ಲಾಸು ಪರದೆಗೆ ಹೊಂದದಿದ್ದರೂ ಖಾಲಿಯಂತೂ ಆಗುತ್ತದೆ.