ವಂಶಕಥನದಲ್ಲಿ ತಾಯಿಯ ಮನೆ: ಮೆಡೋಸ್ ಟೇಲರನ ಆತ್ಮಚರಿತ್ರೆಯ ಒಂದು ಪರಿಶೀಲನೆ

ಹೆಮ್ಮಾಡಿಯಿಂದ ಕೊಲ್ಲೂರಿಗೆ ಹೋಗುವ ದಾರಿಯಲ್ಲಿರುವ ವಂಡ್ಸೆಯ ಸುತ್ತುಮುತ್ತ, ಅಳಿಯಸಂತಾನದ ಮನೆತನಗಳಲ್ಲಿ, ಒಬ್ಬನ ಕುಲದ ಗುರುತು ತಾಯಿಯಿಂದ ಬರುತ್ತದೆ. ಬಂಟರಲ್ಲಾಗಲಿ, ಬಿಲ್ಲವರಲ್ಲಾಗಲಿ, ಮೊಗವೀರರಲ್ಲಾಗಲಿ ಮಗುವಿನ ಬಳಿಯೆಂದರೆ ತಾಯಿಯ ಬಳಿ. ಒಂದೇ ಬಳಿಯವರೊಳಗೆ ವಿವಾಹವಿಲ್ಲವಾದುದರಿಂದ ಸಂಬಂಧ ಬೆಳೆಸುವಾಗ ಮೊದಲು ವಿಚಾರಿಸುವುದೂ ಅದನ್ನೇ. 1949ರ ಮದ್ರಾಸು ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಇವೆರಡೂ ಆಸ್ತಿಯ ಕ್ರಮವನ್ನು ಮಾರ್ಪಡಿಸಿದವು. ಬಳಿಯನ್ನು ಕೇಳುವ ವಾಡಿಕೆ ಮಾತ್ರ ಅಳಿಯಲಿಲ್ಲ. ಈ ವಾಡಿಕೆಯಲ್ಲಿ ಬೆಳೆದ ವಿದ್ಯಾರ್ಥಿಯು ಭಾರತದಲ್ಲಿ ನೆಲೆಸಿದ ಇಂಗ್ಲಿಷರ ವಂಶಚರಿತ್ರೆಯನ್ನು ಕೈಗೆತ್ತಿಕೊಂಡರೆ ಅವನಿಗೆ ಸಹಜವಾಗಿ ಏಳುವ ಪ್ರಶ್ನೆಯೊಂದಿದೆ: ಇವರ ತಾಯಿ ಯಾವ ಮನೆಯವಳು? ಆ ಒಂದು ಪ್ರಶ್ನೆಯನ್ನು ಹಿಡಿದು, ಕನ್ನಡ ನಾಡಿಗೆ ಸಂಬಂಧಪಟ್ಟ ಒಂದು ಪ್ರಸಿದ್ಧ ಗ್ರಂಥವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಆ ಗ್ರಂಥವು ಫಿಲಿಪ್ ಮೆಡೋಸ್ ಟೇಲರನ ಆತ್ಮಚರಿತ್ರೆ, 'ದಿ ಸ್ಟೋರಿ ಆಫ್ ಮೈ ಲೈಫ್'. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಟೇಲರನು 1824ರಲ್ಲಿ, ಇನ್ನೂ ಹದಿನಾರು ತುಂಬದ ಹುಡುಗನಾಗಿ, ವರ್ತಕನೊಬ್ಬನ ಮಳಿಗೆಯ ಕೆಲಸವನ್ನು ನಂಬಿ ಮುಂಬಯಿಗೆ ಬಂದನು. ಆ ವ್ಯಾಪಾರ ಕೈಕೊಟ್ಟುದರಿಂದ ಹೈದರಾಬಾದಿನ ನಿಜಾಮನ ಸೈನ್ಯವನ್ನು ಸೇರಿದನು. 1841ರಿಂದ 1853ರವರೆಗೆ ಸುರಪುರದ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದನು. ಅವನು ಕಟ್ಟಿಸಿದ ಬಂಗಲೆ ಅಲ್ಲಿ ಟೇಲರ್ ಮಂಜಿಲ್ ಎಂದೇ ಹೆಸರಾಗಿದೆ. 1876ರಲ್ಲಿ ಅವನು ತೀರಿಕೊಂಡ ಮೇಲೆ ಮಗಳು ಆಲಿಸ್ ಆತ್ಮಚರಿತ್ರೆಯನ್ನು ಸಂಪಾದಿಸಿ 1877ರಲ್ಲಿ ಪ್ರಕಟಿಸಿದಳು. ಸುರಪುರದ ಇತಿಹಾಸಕ್ಕೆ ಆಕರವೆಂದು ಈ ಗ್ರಂಥವನ್ನು ನಮ್ಮವರು ಬಹುವಾಗಿ ಬಳಸಿಕೊಂಡಿದ್ದಾರೆ. ಒಂದು ಕುಟುಂಬದ ಚರಿತ್ರೆಗೆ ಅದು ಎಂತಹ ಆಕರವೆಂಬುದನ್ನು ಅಷ್ಟಾಗಿ ವಿಚಾರಿಸಿದಂತಿಲ್ಲ.

ಟೇಲರನ ತಂದೆಯ ಕಡೆಯವರು ನಾರ್ವಿಚ್ಚಿನ ಟೇಲರ್ ಮನೆತನದವರು. ಆ ಮನೆತನದಲ್ಲಿ ಧರ್ಮೋಪದೇಶಕರೂ ಪಂಡಿತರೂ ಆಗಿಹೋಗಿದ್ದರು. ತಾಯಿ ನಾರ್ಥಂಬರ್ಲೆಂಡಿನ ಮಿಟ್‌ಫರ್ಡ್ ಮನೆತನದವಳು, ಕೋಟೆಯುಳ್ಳ ಕುಲದವಳು. ಇವೆರಡನ್ನೂ ಟೇಲರನು ಮರೆತವನಲ್ಲ. ಆದುದರಿಂದ ಇಂಗ್ಲಿಷರು ತಾಯಿಯ ಮನೆಯನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲವೆಂದು ಹೇಳಿದರೆ ತಪ್ಪಾದೀತು. ಯಾವಾಗ ಹಿಡಿಯುತ್ತಾರೆ, ಯಾವಾಗ ಬಿಡುತ್ತಾರೆ ಎಂಬುದೇ ವಿಚಾರಾರ್ಹವಾದ ವಿಷಯ.

ಟೇಲರನು ಹೈದರಾಬಾದಿನ ಲೇವಾದೇವಿಗಾರ ವಿಲಿಯಂ ಪಾಮರನ ಮಗಳು ಮೇರಿಯನ್ನು ಮದುವೆಯಾದನು. ಈ ವಿಲಿಯಂ ಪಾಮರ್ (1780–1867) ಸಾಮಾನ್ಯನಲ್ಲ. 1816ರಲ್ಲಿ ಗವರ್ನರ್ ಜನರಲನ ವಿಶೇಷ ಅನುಮತಿಯನ್ನು ಪಡೆದು ನಿಜಾಮನ ಸರಕಾರಕ್ಕೇ ಸಾಲ ಕೊಡುತ್ತಿದ್ದ ಕೊಠಿಯ ಒಡೆಯನವನು. ರೆಸಿಡೆಂಟನಾಗಿ ಬಂದ ಚಾರ್ಲ್ಸ್ ಮೆಟ್‌ಕಾಫನ ವಿರೋಧದಿಂದ ಆ ಕೊಠಿ 1820ರ ದಶಕದಲ್ಲಿ ಮುಳುಗಿತು. ಅವನ ತಂದೆ ಜನರಲ್ ವಿಲಿಯಂ ಪಾಮರ್ (1740–1816) ವಾರನ್ ಹೇಸ್ಟಿಂಗ್ಸನ ಕಾರ್ಯದರ್ಶಿಯಾಗಿದ್ದು, ಮುಂದೆ ಪುಣೆಯಲ್ಲಿ ಕಂಪೆನಿಯ ರೆಸಿಡೆಂಟನಾದನು. ಈ ದೇಶದಲ್ಲಿ ಮನೆಮಾಡಿ, ಇಲ್ಲಿಯೇ ಮಣ್ಣಾದ ಮೊದಲ ತಲೆಮಾರಿನ ಇಂಗ್ಲಿಷರಲ್ಲಿ ಅವನೊಬ್ಬ. ಅವನ ಮನೆಯ ಒಡತಿ ಫೈಜ್ ಬಖ್ಷ್ ಎಂಬ ಮುಸಲ್ಮಾನ ಸ್ತ್ರೀ. ಹೈದರಾಬಾದಿನ ಪಾಮರನ ತಾಯಿ, ಟೇಲರನ ಹೆಂಡತಿಯ ಅಜ್ಜಿ.

ಈ ಅಜ್ಜಿಯ ವಿಷಯವಾಗಿ ಟೇಲರನು ಮೌನವಾಗಿಲ್ಲ. ತನ್ನ ಮಾವನ ತಂದೆಯು ದೆಹಲಿಯ ರಾಜಮನೆತನದ ಕುಮಾರಿಯೊಬ್ಬಳನ್ನು ಮದುವೆಯಾಗಿದ್ದನೆಂದೂ, ಆ ಕಾಲದ ಇಂಗ್ಲಿಷ್ ದೊಡ್ಡ ಮನುಷ್ಯರಲ್ಲಿ ಅದು ರೂಢಿಯಾಗಿತ್ತೆಂದೂ ಬರೆಯುತ್ತಾನೆ. ಎರಡು ಪ್ರತಿಪಾದನೆಗಳು ಇಲ್ಲಿವೆ: ಆಕೆ ರಾಜಕುಮಾರಿ, ಆಕೆ ವಿವಾಹಿತ ಪತ್ನಿ. ಇವುಗಳನ್ನು ಇತರ ಆಧಾರಗಳೊಡನೆ ಹೋಲಿಸಿ ನೋಡಬೇಕು.

ಮೊದಲನೆಯ ಆಧಾರ ಒಂದು ವರ್ಣಚಿತ್ರ. 1785ರ ಸುಮಾರಿಗೆ ಬರೆದು ಅಪೂರ್ಣವಾಗಿ ಉಳಿದ ಈ ಚಿತ್ರವನ್ನು ಕೆಲವರು ಜೋಹಾನ್ ಜೋಫಾನಿಯದೆಂದೂ ಕೆಲವರು ಫ್ರಾನ್ಸೆಸ್ಕೊ ರೆನಾಲ್ಡಿಯದೆಂದೂ ಹೇಳುತ್ತಾರೆ. ಪಾಮರನ ಬಳಿಯಲ್ಲಿ ಬೇಗಮಳು ಕೂಸನ್ನೆತ್ತಿಕೊಂಡು ಕುಳಿತಿದ್ದಾಳೆ. ಸುತ್ತ ಮಕ್ಕಳೂ ಇತರ ಸ್ತ್ರೀಯರೂ ಇದ್ದಾರೆ. ಮರೆಮಾಚಬೇಕಾದ ಸಂಸಾರವನ್ನು ಯಾರೂ ಹೀಗೆ ಚಿತ್ರ ಬರೆಸಿಡುವುದಿಲ್ಲ. ಎರಡನೆಯದು ಮೊಗಲ ದರಬಾರಿನ ಬಿರುದು. ಷಾ ಆಲಮನು ಆಕೆಗೆ ಸಾಹಿಬ್ ಬೇಗಮ್ ಎಂಬ ಗೌರವವನ್ನು ದಯಪಾಲಿಸಿದ್ದನು. ಮೂರನೆಯದು ಜನರಲ್ ಪಾಮರನ ಉಯಿಲು. ಅದರಲ್ಲಿ ಅವನು ಆಕೆಯನ್ನು ಮೂವತ್ತೈದು ವರ್ಷಗಳಿಗೂ ಮೀರಿದ ತನ್ನ ಪ್ರೀತಿಯ ಸಂಗಾತಿಯೆಂದು ಕರೆದಿದ್ದಾನೆ, ಹೆಂಡತಿಯೆಂದು ಕರೆದಿಲ್ಲ.

ಈ ಮೂರನ್ನು ಟೇಲರನ ಮಾತಿನ ಪಕ್ಕದಲ್ಲಿಟ್ಟರೆ ಅಂತರ ಸ್ಪಷ್ಟವಾಗುತ್ತದೆ. ಬಿರುದು ಬೇರೆ, ಹುಟ್ಟು ಬೇರೆ. ಬಾದಷಹನಿಂದ ಬೇಗಮ್ ಎನಿಸಿಕೊಂಡವಳು ಬಾದಷಹನ ವಂಶದಲ್ಲಿ ಹುಟ್ಟಿದವಳಾಗಬೇಕಾಗಿಲ್ಲ. ಆಕೆಯು ಲಖನೌದಲ್ಲಿ ನೆಲೆಸಿದ್ದ ಪಾರಸಿಕ ಮೂಲದ ಅಶ್ವದಳದ ಅಧಿಕಾರಿಯೊಬ್ಬನ ಮಗಳೆಂದು ವಿಲಿಯಂ ಡಾಲ್‌ರಿಂಪಲ್ ಅವರು 2002ರ 'ವೈಟ್ ಮೊಘಲ್ಸ್' ಗ್ರಂಥದಲ್ಲಿ ನಿರೂಪಿಸಿದ್ದಾರೆ. ಕುಲೀನಳೆಂಬುದರಲ್ಲಿ ಸಂಶಯವಿಲ್ಲ, ರಾಜಕುಮಾರಿಯೆಂಬುದಕ್ಕೆ ಬಲವಿಲ್ಲ. ಬಿರುದೇ ಎರಡು ತಲೆಮಾರು ದಾಟುವಷ್ಟರಲ್ಲಿ ಜನ್ಮವಾಗಿ ಮಾರ್ಪಟ್ಟಿತೆಂದು ಊಹಿಸುವುದು ಯುಕ್ತವಾಗಿ ತೋರುತ್ತದೆ. ವಿವಾಹದ ವಿಷಯದಲ್ಲಿಯೂ ಹಾಗೆಯೇ: ಉಯಿಲನ್ನು ಬರೆಯುವವನು ಕಾಯಿದೆಯ ಎದುರು ನಿಂತು ಬರೆಯುತ್ತಾನೆ, ಆತ್ಮಚರಿತ್ರೆಯನ್ನು ಬರೆಯುವವನು ಓದುಗರ ಎದುರು. ಟೇಲರನು ಬೇಕೆಂದೇ ಸುಳ್ಳು ಹೇಳಿದನೆಂದು ನಾವು ಹೇಳುವುದಿಲ್ಲ. ಮಾವನ ಮನೆಯಲ್ಲಿ ಕೇಳಿದುದನ್ನು ಅವನು ನಂಬಿರಬಹುದು. ಮನೆಯವರ ನಂಬಿಕೆಯೂ ಒಂದು ಆಧಾರವೇ ಹೌದು. ಆದರೆ ಅದು ಆ ಅಜ್ಜಿ ಯಾರೆಂಬುದಕ್ಕಿಂತ ಹೆಚ್ಚಾಗಿ ಮೊಮ್ಮಕ್ಕಳಿಗೆ ಏನು ಅಗತ್ಯವಾಗಿತ್ತೆಂಬುದನ್ನು ತಿಳಿಸುತ್ತದೆ.

ಆ ಅಗತ್ಯವೇನೆಂಬುದನ್ನು ಕಂಪೆನಿಯ ನಿಯಮಗಳು ತೋರಿಸಿಕೊಡುತ್ತವೆ. ಭಾರತೀಯ ತಾಯಿಯ ಮಕ್ಕಳು ಕಂಪೆನಿಯ ಮುಲ್ಕಿ ಮತ್ತು ಸೈನ್ಯದ ಅಧಿಕಾರಗಳಿಗೆ ಅರ್ಹರಲ್ಲವೆಂದು 1791ರಲ್ಲಿ ನಿರ್ಣಯವಾಯಿತು. 1795ರಲ್ಲಿ, ತಂದೆತಾಯಿಗಳಿಬ್ಬರೂ ಯುರೋಪಿಯನ್ನರಲ್ಲದವರಿಗೆ ಸೈನ್ಯದಲ್ಲಿ ವಾದ್ಯಗಾರರ ಮತ್ತು ಲಾಳಗಾರರ ಕೆಲಸವಷ್ಟೇ ಉಳಿಯಿತು. ಜನರಲನ ಮಗನು ಕಂಪೆನಿಯನ್ನು ಬಿಟ್ಟು ನಿಜಾಮನ ಸೇವೆಯನ್ನು ಹಿಡಿದುದು ಇಂತಹ ಕಾಲದಲ್ಲಿ. ತಾಯಿಯ ಮನೆಯೇ ಮಗನ ಬಾಗಿಲನ್ನು ಮುಚ್ಚುವಲ್ಲಿ ಕುಟುಂಬಕ್ಕೆ ಎರಡೇ ದಾರಿ: ತಾಯಿಯನ್ನು ಮರೆಸುವುದು, ಇಲ್ಲವೇ ಆಕೆಯನ್ನು ಸಿಂಹಾಸನಕ್ಕೆ ಏರಿಸುವುದು. ಬಂಗಾಳದಲ್ಲಿ ಇಂತಹ ಸಂಸಾರಗಳನ್ನು ಕುರಿತು 2006ರಲ್ಲಿ ಗ್ರಂಥ ಬರೆದ ದುರ್ಬಾ ಘೋಷ್ ಅವರು, ಕಡತಗಳಲ್ಲಿ ಈ ಸ್ತ್ರೀಯರಿಗೆ ಅನೇಕವೇಳೆ ಹೆಸರೇ ಇಲ್ಲದಿರುವುದನ್ನು ಎತ್ತಿತೋರಿಸಿದ್ದಾರೆ. ಫೈಜ್ ಬಖ್ಷಳ ಹೆಸರು ಉಳಿಯಿತು. ಉಳಿದುದು ಆಕೆಯ ಅಂತಸ್ತಿನ ಬಲದಿಂದ.

ಟೇಲರನ ಕಾದಂಬರಿಯೊಂದು ಇಲ್ಲಿ ಪ್ರಸ್ತುತವಾಗುತ್ತದೆ. 1872ರ 'ಸೀತಾ' ಕಾದಂಬರಿಯಲ್ಲಿ ಇಂಗ್ಲಿಷ್ ಅಧಿಕಾರಿ ಸಿರಿಲ್ ಬ್ರ್ಯಾಂಡನ್ ಸೀತೆಯೆಂಬ ಹಿಂದೂ ವಿಧವೆಯನ್ನು ವರಿಸುತ್ತಾನೆ. 1857ರ ದಂಗೆಯಾಗಿ ಹದಿನೈದೇ ವರ್ಷಗಳಾಗಿದ್ದ ಕಾಲದಲ್ಲಿ ಅಂತಹ ವಿವಾಹವನ್ನು ಸಹಾನುಭೂತಿಯಿಂದ ಚಿತ್ರಿಸಿದುದು ಧೈರ್ಯದ ಕೆಲಸವೇ ಸರಿ. ಆದರೆ ಕಡೆಗೆ ಸೀತೆ ಸಾಯುತ್ತಾಳೆ. ಬ್ರ್ಯಾಂಡನ್ ಇಂಗ್ಲಿಷ್ ಕನ್ಯೆಯ ಕೈಹಿಡಿಯುತ್ತಾನೆ. ಭಾರತೀಯ ಸ್ತ್ರೀ ಪ್ರಿಯೆಯಾಗಬಹುದು, ತ್ಯಾಗಮಯಿಯಾಗಬಹುದು; ಒಂದು ಇಂಗ್ಲಿಷ್ ವಂಶದ ಮೂಲಸ್ತ್ರೀಯಾಗಿ ಅಜ್ಜಿಯ ಪಟ್ಟದಲ್ಲಿ ಕೂರುವಂತಿಲ್ಲ. ಲೇಖಕನ ಸ್ವಂತ ಮನೆಯಲ್ಲಿ ಆಕೆ ಕುಳಿತೇ ಇದ್ದಳೆಂಬುದನ್ನು ನೆನೆದಾಗ ಕಾದಂಬರಿಯ ಮುಕ್ತಾಯ ಇನ್ನಷ್ಟು ವಿಷಾದಕರವಾಗಿ ಕಾಣುತ್ತದೆ.

ಇದಕ್ಕೆ ವಿರುದ್ಧವಾಗಿ, ಬೇರೊಂದು ಮನೆಯ ತಾಯಿಯ ವಿಷಯದಲ್ಲಿ ಟೇಲರನ ಲೇಖನಿ ಹಿಂಜರಿಯುವುದಿಲ್ಲ. ಸುರಪುರದ ರಾಜ ಕೃಷ್ಣಪ್ಪನಾಯಕನು ಗತಿಸಿದಾಗ ಮಗ ವೆಂಕಟಪ್ಪನಾಯಕನಿನ್ನೂ ಬಾಲಕ. ರಾಣಿ ಈಶ್ವರಮ್ಮನ ನಡತೆ, ಹಟ, ಒಳಸಂಚು ಇವು ಆತ್ಮಚರಿತ್ರೆಯಲ್ಲಿ ವಿಸ್ತಾರವಾಗಿಯೂ ಕಟುವಾಗಿಯೂ ಬರುತ್ತವೆ. ಆ ಬಾಲಕನು ಟೇಲರನನ್ನು ಅಪ್ಪಾ ಎಂದು ಕರೆಯುತ್ತಿದ್ದನು. ಅವನು 1858ರಲ್ಲಿ ಬಂಡೆದ್ದು, ಸೆರೆಸಿಕ್ಕಿ, ಗುಂಡಿಗೆ ಬಲಿಯಾದ ದುರಂತವನ್ನು ಟೇಲರನು ಮನಮಿಡಿಯುವಂತೆ ಹೇಳಿದ್ದಾನೆ. ಅಲ್ಲಿ ತಾಯಿ ರಾಜಕಾರಣದ ಸಮಸ್ಯೆ; ಅಪ್ಪ ವಾತ್ಸಲ್ಯದ ಮೂರ್ತಿ. ತನ್ನ ಹೆಂಡತಿ ಮೇರಿಯ ವಿಷಯದಲ್ಲಿಯಾದರೋ ಅವನ ಬರವಣಿಗೆ ಬಲು ಮಿತವಾದುದು. ಮಾವನ ಪಾಂಡಿತ್ಯಕ್ಕೂ ಸಂಭಾಷಣೆಗೂ ದೊರೆತ ಹೊಗಳಿಕೆ ಆಕೆಗೆ ದೊರೆತಿಲ್ಲ. ಈಶ್ವರಮ್ಮನನ್ನು ಕುರಿತ ಪುಟಗಳನ್ನು ಸುರಪುರದ ಇತಿಹಾಸಕ್ಕೆ ಬಳಸುವವರು ಈ ತಾರತಮ್ಯವನ್ನು ಗಮನದಲ್ಲಿಟ್ಟುಕೊಳ್ಳುವುದು ಅವಶ್ಯ.

ಹಾಗೆಂದು ನಮ್ಮ ಕರಾವಳಿಯ ಪದ್ಧತಿಯೇ ನಿರ್ದುಷ್ಟವೆಂದು ಸಾಧಿಸುವುದು ನಮ್ಮ ಅಭಿಪ್ರಾಯವಲ್ಲ. ಅಳಿಯಸಂತಾನದ ಪಾಲಿನ ವ್ಯಾಜ್ಯಗಳಲ್ಲಿ ಹಾಜರಾಗುತ್ತಿದ್ದ ವಂಶವೃಕ್ಷಗಳ ತುದಿಯಲ್ಲಿ ಒಬ್ಬ ಸ್ತ್ರೀ ಇರುತ್ತಾಳೆ. ಆಕೆಯ ಹೆಣ್ಣುಮಕ್ಕಳಿಂದ ಕವರುಗಳು ಕವಲೊಡೆಯುತ್ತವೆ. ಆದರೆ ಆ ಮಕ್ಕಳ ತಂದೆಗೆ ಅಲ್ಲಿ ಸ್ಥಾನವಿಲ್ಲ. ಅಲ್ಲಿ ತಾಯಿ ಮರೆಯಾದಂತೆ ಇಲ್ಲಿ ತಂದೆ ಮರೆಯಾಗುತ್ತಾನೆ. ಯಾವ ವಂಶಾವಳಿಯೂ ಸಂಸಾರದ ಪೂರ್ಣ ಚಿತ್ರವಲ್ಲ. ಸ್ವತ್ತು, ಪದವಿ, ಮಾನ ಯಾವ ದಾರಿಯಲ್ಲಿ ಹರಿಯುವುದೋ ಆ ದಾರಿಯ ನಕ್ಷೆ ಮಾತ್ರ.

ವಂಶಚರಿತ್ರೆಯನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗೆ ಇದರಿಂದ ದೊರೆಯುವ ಪಾಠ ಸರಳವಾದುದು. ಆತ್ಮಚರಿತ್ರೆಯನ್ನು ಉಯಿಲಿನೊಡನೆ, ಉಯಿಲನ್ನು ಬಿರುದಿನ ಪತ್ರದೊಡನೆ, ಇವನ್ನೆಲ್ಲ ಚಿತ್ರದೊಡನೆ ಹೋಲಿಸಬೇಕು. ವೈಭವದ ಮಾತು ಬಂದಲ್ಲಿ ತಡೆದು ನಿಂತು, ಇದರಿಂದ ಯಾರಿಗೆ ಪ್ರಯೋಜನವಾಯಿತೆಂದು ಕೇಳಬೇಕು. ಆಲಿಸ್ ಟೇಲರ್ ತಂದೆಯ ಗ್ರಂಥವನ್ನು ಅಚ್ಚಿಗೆ ಸಿದ್ಧಪಡಿಸುತ್ತಿದ್ದಾಗ ಆ ಒಂದು ವಾಕ್ಯದಲ್ಲಿ ತನ್ನ ಮುತ್ತಜ್ಜಿಯನ್ನೇ ಓದುತ್ತಿದ್ದಳು. ಮುತ್ತಜ್ಜಿಗೆ ಅಲ್ಲಿ ಕುಲ ದೊರೆತಿದೆ, ಹೆಸರು ದೊರೆತಿಲ್ಲ. ವಂಡ್ಸೆಯ ಯಾವ ಅಜ್ಜಿಯಾದರೂ ಆ ಪುಟವನ್ನು ಕೇಳಿದ್ದರೆ, ರಾಜಕುಮಾರಿಯೆಂಬುದಿರಲಿ, ಆಕೆಯ ಹೆಸರು ಮೊದಲು ಹೇಳಿ ಎಂದು ಕೇಳದೆ ಬಿಡುತ್ತಿರಲಿಲ್ಲ.