ಪಾಳುಬಿದ್ದ ಮನೆಯ ಸಾಕ್ಷ್ಯ: ‘ಎ ಸ್ಟಡಿ ಇನ್ ಸ್ಕಾರ್ಲೆಟ್’ ಕಾದಂಬರಿಯ ರಚನೆಯನ್ನು ಕುರಿತು

ಆರ್ಥರ್ ಕಾನನ್ ಡಾಯ್ಲ್‌ನ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ ೧೮೮೭ರಲ್ಲಿ ಲಂಡನ್ನಿನ ಒಂದು ಕ್ರಿಸ್‌ಮಸ್ ವಾರ್ಷಿಕದಲ್ಲಿ ಅಚ್ಚಾಯಿತು. ಪ್ರಕಾಶಕರು ಅದರ ಹಕ್ಕಿಗಾಗಿ ತೆತ್ತ ಬೆಲೆ ೨೫ ಪೌಂಡು. ಷರ್ಲಾಕ್ ಹೋಮ್ಸ್ ಓದುಗರಿಗೆ ಮೊದಲು ಪರಿಚಿತನಾದದ್ದು ಈ ಕೃತಿಯಿಂದಲೇ. ಆದರೂ ವಿಮರ್ಶಕರು ಇದನ್ನು ಒಡೆದ ಕೃತಿಯೆಂದೇ ಎಣಿಸುತ್ತ ಬಂದಿದ್ದಾರೆ. ಮೊದಲ ಭಾಗ ಲಂಡನ್ನಿನ ಪತ್ತೇದಾರಿ. ಎರಡನೆಯ ಭಾಗದ ಐದು ಅಧ್ಯಾಯಗಳು ಅಮೆರಿಕದ ಯೂಟಾ ಪ್ರಾಂತದ ಪೂರ್ವಕಥೆ. ಇವೆರಡನ್ನೂ ಬೆಸೆಯುವ ಸೂತ್ರವಿಲ್ಲವೆಂಬ ಆಕ್ಷೇಪವನ್ನು ನಾವು ಇಲ್ಲಿ ಪರಾಮರ್ಶಿಸಬಯಸುತ್ತೇವೆ.

ಬ್ರಿಕ್ಸ್‌ಟನ್ ರಸ್ತೆಯ ಬಳಿಯ ಲಾರಿಸ್ಟನ್ ಗಾರ್ಡನ್ಸಿನ ೩ನೆಯ ಸಂಖ್ಯೆಯ ಮನೆ ಬಹುಕಾಲದಿಂದ ಬರಿದಾಗಿದೆ. ಅಲ್ಲಿ ಈನಕ್ ಡ್ರೆಬರನ ಶವ ಬಿದ್ದಿದೆ. ಮೈಮೇಲೆ ಗಾಯವಿಲ್ಲ, ಸುತ್ತಲೂ ರಕ್ತವಿದೆ. ಗೋಡೆಯ ಮೇಲೆ ರಕ್ತದಲ್ಲಿ ಬರೆದ ‘ರಾಖೆ’ ಎಂಬ ಪದವಿದೆ. ಲೆಸ್ಟ್ರೇಡನು ಅದನ್ನು ರೇಚೆಲ್ ಎಂಬ ಹೆಣ್ಣಿನ ಹೆಸರಿನ ಅರ್ಧವೆಂದು ಊಹಿಸುತ್ತಾನೆ. ಹೋಮ್ಸ್ ಅದು ಜರ್ಮನ್ ಭಾಷೆಯಲ್ಲಿ ಸೇಡಿನ ಪದವೆಂದು ತಿಳಿಸಿ, ಪೊಲೀಸರ ದಿಕ್ಕು ತಪ್ಪಿಸಲು ಬರೆದದ್ದೆಂದು ನಿರ್ಣಯಿಸುತ್ತಾನೆ. ನಿರ್ಣಯ ಸರಿಯೇ. ಆದರೆ ವಂಚನೆಗಾಗಿ ಬರೆದ ಆ ಪದವೇ ಅಕ್ಷರಶಃ ನಿಜವಾಗಿದೆ: ಕೊಂದವನು ಸೇಡಿಗಾಗಿಯೇ ಕೊಂದಿದ್ದಾನೆ. ಬರಿದಾದ ಗೋಡೆಯ ಮೇಲಿನ ಈ ಒಂದು ಮಾತಿನ ವ್ಯಾಖ್ಯಾನವೇ ಯೂಟಾದ ಕಥೆ. ಆದುದರಿಂದ ಎರಡನೆಯ ಭಾಗ ಅಂಟಿಸಿದ ಬಾಲವಲ್ಲವೆಂಬುದು ನಮ್ಮ ಅಭಿಮತ. ಹೆಜ್ಜೆಗುರುತು, ಗಾಲಿಯ ಗುರುತುಗಳಿಂದ ಹೋಮ್ಸ್ ‘ಹೇಗೆ’ ಎಂಬುದನ್ನು ಓದಬಲ್ಲ. ಶವದ ಬಳಿ ದೊರೆತ ಉಂಗುರದಿಂದ ಹೆಣ್ಣೊಬ್ಬಳಿದ್ದಳೆಂದು ಊಹಿಸಬಲ್ಲ. ಲೂಸಿ ಫೆರಿಯರಳ ದುಃಖವನ್ನು ಮಾತ್ರ ಅಳತೆಪಟ್ಟಿಯಿಂದ ಅಳೆಯಲಾರ.

ಹಾಗೆಂದು ಕೃತಿಯ ದೋಷಗಳನ್ನು ನಾವು ಮರೆಮಾಚುವುದಿಲ್ಲ. ಕ್ಲೀವ್‌ಲೆಂಡಿನ ಪೊಲೀಸರಿಗೆ ಹೋಮ್ಸ್ ಕಳುಹಿಸಿದ ತಂತಿಗೆ ಬಂದ ಉತ್ತರ ಕೊನೆಯವರೆಗೂ ಓದುಗನಿಂದ ಗುಪ್ತವಾಗಿರುತ್ತದೆ. ಜೆಫರ್ಸನ್ ಹೋಪನ ಹೆಸರು ಅದರಲ್ಲಿಯೇ ಇದೆ. ಒಗಟನ್ನು ಬಿಡಿಸುವ ಅವಕಾಶ ಓದುಗನಿಗೆ ದೊರೆಯದು. ಮಾರ್ಮನ್ ಜನರ ಚಿತ್ರಣವಂತೂ ಒಂದು ಸಮುದಾಯಕ್ಕೆ ಮಾಡಿದ ಅನ್ಯಾಯವೇ ಸರಿ.

ಇನ್ನೊಂದು ಸಂಗತಿ ಇದುವರೆಗೆ ತಕ್ಕಷ್ಟು ಗಮನ ಪಡೆದಂತಿಲ್ಲ. ಆ ಸಾಲಿನ ಎರಡು ಮನೆಗಳು ಏಕೆ ಬರಿದಾಗಿದ್ದುವು? ಪಹರೆಯ ಪೇದೆ ರಾನ್ಸ್ ಮಾತಿನ ನಡುವೆ ಕಾರಣ ಹೇಳಿಬಿಡುತ್ತಾನೆ: ಮಾಲೀಕನು ಚರಂಡಿಗಳನ್ನು ಸರಿಪಡಿಸಲಿಲ್ಲ, ಅವುಗಳಲ್ಲೊಂದರ ಕಡೆಯ ಬಾಡಿಗೆದಾರ ವಿಷಮಶೀತಜ್ವರದಿಂದ ಸತ್ತ. ಹೋಮ್ಸ್ ಈ ಮಾತನ್ನು ಕೇಳಿಯೂ ಕೇಳದಂತೆ ದಾಟಿಹೋಗುತ್ತಾನೆ. ವೈದ್ಯನಾದ ವಾಟ್ಸನ್ನನೂ ನಿಲ್ಲಿಸಿ ವಿಚಾರಿಸುವುದಿಲ್ಲ. ವಿಷದ ಗುಳಿಗೆಯಿಂದಾದ ಸಾವಿಗೆ ತನಿಖೆಯುಂಟು, ಹಾಳು ಚರಂಡಿಯಿಂದಾದ ಸಾವಿಗೆ ಇಲ್ಲ. ಒಬ್ಬನ ಕೈಗೆ ಆರೋಪಿಸಬಹುದಾದ ಮರಣವನ್ನೇ ಅಪರಾಧವೆಂದು ಗಣಿಸುವ ಈ ಸಾಹಿತ್ಯಪ್ರಕಾರದ ಮಿತಿ ಇಲ್ಲಿ ಸ್ಪಷ್ಟವಾಗುತ್ತದೆ.

ಹೋಪನು ವಿಚಾರಣೆಗೆ ಮುನ್ನವೇ ಮಹಾಧಮನಿ ಒಡೆದು ಸಾಯುತ್ತಾನೆ. ಕೀರ್ತಿ ಪೊಲೀಸರ ಪಾಲಾಗುತ್ತದೆ. ನ್ಯಾಯಾಲಯ ಯಾವ ತೀರ್ಪನ್ನೂ ನೀಡದು. ತೀರ್ಪಿನ ಭಾರ ಓದುಗನ ಮೇಲೆಯೇ ಉಳಿಯುತ್ತದೆ. ಆ ಭಾರವನ್ನು ಹೊರುವಾಗ ಹೆಸರಿಲ್ಲದ ಆ ಬಾಡಿಗೆದಾರನನ್ನೂ ನೆನೆಯುವುದು ಉಚಿತವೆಂದು ನಾವು ಭಾವಿಸುತ್ತೇವೆ.