ಕತೆಯೊಳಗೆ ನಮಗೂ ಒಂದು ಪಾತ್ರ ಬೇಕು

ಸಿನಿಮಾ ಒಂದು ದೊಡ್ಡದಾಗಿ ಗೆದ್ದರೆ ಅಭಿಮಾನಿಗಳ ನಡುವೆ ಒಂದು ಚರ್ಚೆ ತಪ್ಪದೆ ಶುರುವಾಗುತ್ತದೆ: ಈ ಕತೆಯ ಮೇಲೆ ಥೀಮ್ ಪಾರ್ಕ್ ಕಟ್ಟಿದರೆ ಹೇಗೆ? 'ಕೆಜಿಎಫ್' ಎನ್ನುವವರು ಒಂದು ಕಡೆ, 'ಕಾಂತಾರ' ಎನ್ನುವವರು ಇನ್ನೊಂದು ಕಡೆ. ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯಲ್ಲಿ 'ಬಾಹುಬಲಿ'ಯ ಸೆಟ್ಟು ನೋಡಿ ಬಂದವರು "ನಮ್ಮಲ್ಲಿ ಯಾಕಿಲ್ಲ?" ಎಂದು ಕೇಳುತ್ತಾರೆ. ತುಬಚಿ, ಜಮಖಂಡಿ, ಬನಹಟ್ಟಿ ಕಡೆಯ ಹರೆಯದವರೂ ಈ ಚರ್ಚೆಯಲ್ಲಿ ಹಿಂದೆ ಬಿದ್ದಿಲ್ಲ. ಇದನ್ನು ಹುಡುಗಾಟವೆಂದು ತಳ್ಳಿಹಾಕುವುದು ತಪ್ಪು. ಯಾವ ಕತೆಯೊಳಗೆ ಕಾಲಿಟ್ಟು ಓಡಾಡಬೇಕು ಎಂದು ಒಂದು ಜನಾಂಗ ಆಸೆಪಡುತ್ತದೆಯೋ, ಆ ಕತೆಯೇ ಅದರ ಮನಸ್ಸನ್ನು ಹೇಳುತ್ತದೆ. ನನ್ನ ತಕರಾರು ಚರ್ಚೆಯ ಬಗ್ಗೆ ಅಲ್ಲ, ಅದು ಹಿಡಿದ ಅಳತೆಗೋಲಿನ ಬಗ್ಗೆ.

ಆ ಅಳತೆಗೋಲು ಗಳಿಕೆ. ಎಷ್ಟು ಕೋಟಿ ಬಂತು, ನಾಯಕ ಎಷ್ಟು ದೊಡ್ಡವನು, ಎಷ್ಟು ಭಾಷೆಗಳಲ್ಲಿ ಓಡಿತು ಎಂಬುದರ ಮೇಲೆ ತೀರ್ಪು ಬೀಳುತ್ತದೆ. ಪಾರ್ಕುಗಳ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. 1995ರಲ್ಲಿ ತೆರೆಕಂಡ ಹಾಲಿವುಡ್ಡಿನ 'ವಾಟರ್‌ವರ್ಲ್ಡ್' ಸಿನಿಮಾ ಅತಿಯಾದ ಖರ್ಚಿಗೆ, ಸೋಲಿಗೆ ಉದಾಹರಣೆಯಾಗಿ ಹೆಸರಾಯಿತು. ಅದೇ ಸಿನಿಮಾದ ಹೆಸರಿನಲ್ಲಿ ಯೂನಿವರ್ಸಲ್ ಸ್ಟುಡಿಯೋಸ್ ಪಾರ್ಕಿನವರು ನಡೆಸಿದ ನೀರಿನ ಮೇಲಿನ ಸಾಹಸ ಪ್ರದರ್ಶನ ದಶಕಗಳ ಕಾಲ ಜನರನ್ನು ಸೆಳೆಯಿತು. ಡಿಸ್ನಿಲ್ಯಾಂಡ್ 1955ರಲ್ಲಿ ಬಾಗಿಲು ತೆರೆಯಿತು. ಅಲ್ಲಿ 'ಪೈರೇಟ್ಸ್ ಆಫ್ ದಿ ಕೆರಿಬಿಯನ್' ಎಂಬ ದೋಣಿಪಯಣ 1967ರಲ್ಲಿ ಬಂತು, ಅದೇ ಹೆಸರಿನ ಸಿನಿಮಾ ಬಂದದ್ದು 2003ರಲ್ಲಿ. ಇಲ್ಲಿ ಪಾರ್ಕೇ ಮೊದಲು, ಸಿನಿಮಾ ಆಮೇಲೆ. ಕತೆಯ ಜನಪ್ರಿಯತೆ ಮೊದಲ ದಿನದ ಟಿಕೆಟ್ ಮಾರಿಸಬಹುದು. ಎರಡನೇ ಸಲ ಜನರನ್ನು ಕರೆತರುವ ಶಕ್ತಿ ಅದಕ್ಕಿಲ್ಲ.

ಹಾಗಾದರೆ ಕರೆತರುವುದು ಯಾವುದು? ಅಮೆರಿಕದ ಒರ್ಲಾಂಡೋದಲ್ಲಿ 2010ರಲ್ಲಿ ತೆರೆದ ಹ್ಯಾರಿ ಪಾಟರ್ ಪಾರ್ಕಿನ ಒಂದು ಸಣ್ಣ ಅಂಗಡಿಯನ್ನೇ ನೋಡಿ. ಅದು ಮಂತ್ರದಂಡ ಮಾರುವ ಅಂಗಡಿ. ಒಳಗೆ ನಿಂತ ಗುಂಪಿನಿಂದ ಅಂಗಡಿಯಾತ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಮುಂದೆ ಕರೆಯುತ್ತಾನೆ, ಕೈಗೆ ಒಂದು ದಂಡ ಕೊಟ್ಟು ಬೀಸಲು ಹೇಳುತ್ತಾನೆ. ಸರಿಹೊಂದದ ದಂಡವಾದರೆ ಅಂಗಡಿಯ ಸಾಮಾನು ಅಲುಗಾಡಿ ಸದ್ದು ಮಾಡುತ್ತದೆ. ಸರಿಯಾದದ್ದು ಕೈಗೆ ಬಂದಾಗ ಬೆಳಕು ಆ ಮಗುವಿನ ಮೇಲೆ ಬೀಳುತ್ತದೆ. ಹ್ಯಾರಿ ಅಲ್ಲಿ ಇಲ್ಲವೇ ಇಲ್ಲ. ಆ ಕ್ಷಣಕ್ಕೆ ಕತೆಯ ಕೇಂದ್ರದಲ್ಲಿ ಇರುವುದು ಟಿಕೆಟ್ ಕೊಂಡು ಬಂದ ಕೂಸು. ಪಾರ್ಕಿಗೆ ಒಗ್ಗುವ ಕತೆ ಎಂದರೆ ಇದು: ನಾಯಕ ಇಲ್ಲದಿದ್ದರೂ ಬದುಕಿರುವ ಒಂದು ಲೋಕ, ಆ ಲೋಕದಲ್ಲಿ ಬಂದವರಿಗೆ ಒಂದು ಪಾತ್ರ. ಈ ಎರಡು ಪರೀಕ್ಷೆಗಳಲ್ಲಿ ನಮ್ಮ ಕತೆಗಳನ್ನು ನಿಲ್ಲಿಸಿ ನೋಡೋಣ.

'ಕೆಜಿಎಫ್' (2018, 2022) ಮೊದಲ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಧೂಳು, ಕಬ್ಬಿಣ, ಬೆಂಕಿ, ಸುರಂಗ ಸೇರಿ ಕಟ್ಟಿದ ನರಾಚಿಯ ಲೋಕ ಕಣ್ಣಿಗೆ ಕಟ್ಟುವಂಥದ್ದು. ಎರಡನೇ ಪರೀಕ್ಷೆಯಲ್ಲಿ ಅದು ಸೋಲುತ್ತದೆ. ಅಲ್ಲಿ ಬಂದವನು ಯಾರಾಗಬೇಕು? ಆ ಲೋಕದಲ್ಲಿ ಇರುವುದು ಎರಡೇ ಜಾಗ, ಚಾಬೂಕಿನ ಕೆಳಗಿನದು ಮತ್ತು ಬಂದೂಕಿನ ಹಿಂದಿನದು. ಇದಕ್ಕಿಂತ ಗಂಭೀರವಾದ ಮಾತು ಇನ್ನೊಂದಿದೆ. ಕೋಲಾರದ ನಿಜವಾದ ಗಣಿ 2001ರ ಫೆಬ್ರುವರಿಯಲ್ಲಿ ಮುಚ್ಚಿತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಲ್ಲಿ ದುಡಿದವರ ಮಕ್ಕಳು ಮೊಮ್ಮಕ್ಕಳು ಇನ್ನೂ ಆ ಊರಿನಲ್ಲಿದ್ದಾರೆ. ಕಟ್ಟುವುದಿದ್ದರೆ ಅವರ ಬಾಯಿಂದಲೇ ಕತೆ ಕೇಳಿಸುವ ಗಣಿ ವಸ್ತುಸಂಗ್ರಹಾಲಯ ಕಟ್ಟಬೇಕು. ರೈಡಿನ ಕಿರುಚಾಟ ಅಲ್ಲಿಗೆ ಸಲ್ಲದು.

'ಕಾಂತಾರ'ದ ವಿಷಯದಲ್ಲಿ ನನ್ನ ಉತ್ತರ ಸ್ಪಷ್ಟವಾಗಿ 'ಬೇಡ'. ಭೂತಾರಾಧನೆ ತುಳುನಾಡಿನಲ್ಲಿ ಇಂದಿಗೂ ನಡೆಯುತ್ತಿರುವ ನಂಬಿಕೆ. ನೇಮ ಕಟ್ಟುವ ಸಮುದಾಯಗಳಿಗೆ ಅದು ಕಟ್ಟಲೆ, ಹೊಣೆ, ಬದುಕು. 2025ರ ಅಕ್ಟೋಬರಿನಲ್ಲಿ 'ಕಾಂತಾರ: ಅಧ್ಯಾಯ 1' ಬಿಡುಗಡೆಯಾದಾಗ ಕೆಲವರು ದೈವದ ವೇಷ ತೊಟ್ಟು ಚಿತ್ರಮಂದಿರಗಳಲ್ಲಿ ಕುಣಿದರು. ಆಕ್ಷೇಪ ಎದ್ದಿತು. ದೈವದ ಅನುಕರಣೆ ಮಾಡಬೇಡಿ ಎಂದು ಚಿತ್ರ ನಿರ್ಮಿಸಿದ ಹೊಂಬಾಳೆ ಸಂಸ್ಥೆಯೇ ಮನವಿ ಮಾಡಿಕೊಳ್ಳಬೇಕಾಯಿತು. ಚಿತ್ರಮಂದಿರದಲ್ಲಿ ಒಪ್ಪದ್ದು ಪಾರ್ಕಿನಲ್ಲಿ ದಿನಕ್ಕೆ ನಾಲ್ಕು ಸಲ ಒಪ್ಪುವುದು ಸಾಧ್ಯವಿಲ್ಲ. ಪುರಾಣದ ಕತೆಯನ್ನು ನಾವು ಶತಮಾನಗಳಿಂದ ಆಟವಾಗಿ ಆಡುತ್ತ ಬಂದಿದ್ದೇವೆ. ನೇಮ ಹಾಗಲ್ಲ, ಅದನ್ನು ಆಡುವುದಿಲ್ಲ, ನಡೆಸುತ್ತಾರೆ.

ಈ ಪಟ್ಟಿಯಲ್ಲಿ ಜನ ಮರೆಯುವ ಹೆಸರು ಮಾಲ್ಗುಡಿ. ಆರ್.ಕೆ. ನಾರಾಯಣ್ ಕಲ್ಪಿಸಿದ ಊರನ್ನು ಶಂಕರ್‌ನಾಗ್ ಟಿವಿ ಧಾರಾವಾಹಿಗಾಗಿ ಆಗುಂಬೆಯ ಮನೆ, ಬೀದಿಗಳಲ್ಲಿ ಚಿತ್ರೀಕರಿಸಿದರು. ಧಾರಾವಾಹಿಯಲ್ಲಿ ಮಾಲ್ಗುಡಿ ನಿಲ್ದಾಣವಾಗಿ ಕಂಡ ಶಿವಮೊಗ್ಗ ಜಿಲ್ಲೆಯ ಅರಸಾಳಿನ ಹಳೆಯ ರೈಲು ನಿಲ್ದಾಣವನ್ನು ರೈಲ್ವೆಯವರು 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯ ಮಾಡಿದರು. ಅಲ್ಲಿ ಬಂದವರಿಗೆ ಸಹಜವಾದ ಪಾತ್ರವೊಂದಿದೆ: ರೈಲಿನಿಂದ ಇಳಿದ ಪ್ರಯಾಣಿಕ. ಅಬ್ಬರವಿಲ್ಲದ ಕತೆಯೂ ಜನರನ್ನು ಒಳಗೆ ಕರೆದುಕೊಳ್ಳಬಲ್ಲದು ಎಂಬುದಕ್ಕೆ ಅರಸಾಳು ಸಾಕ್ಷಿ.

ಇನ್ನು ನಮ್ಮ ಭಾಗಕ್ಕೆ ಬರೋಣ. ಜಮಖಂಡಿ, ಬೀಳಗಿ, ಮುಧೋಳದ ಶಾಲೆಗಳ ಮಕ್ಕಳು ಪ್ರವಾಸಕ್ಕೆಂದು ಆಲಮಟ್ಟಿಗೆ ಹೋಗುತ್ತಾರೆ. ಅಣೆಕಟ್ಟಿನ ಬದಿಯಲ್ಲಿ ರಾಕ್ ಗಾರ್ಡನ್ ಇದೆ, ಗೋಪಾಲಕೃಷ್ಣ ಉದ್ಯಾನವಿದೆ, ಲವಕುಶ ಉದ್ಯಾನವಿದೆ, ಸಂಗೀತ ಕಾರಂಜಿ ಇದೆ. ಪುರಾಣಕತೆಯ ಮೇಲೆ ಪಾರ್ಕು ಕಟ್ಟುವ ಪ್ರಯತ್ನ ಕಣ್ಣೆದುರೇ ನಡೆದಿದೆ ಎಂದಾಯಿತು. ಬಿಸಿಲ ನಾಡಿನಲ್ಲಿ ಇಷ್ಟು ಹಸಿರು ಬೆಳೆಸಿದ್ದು ಸಣ್ಣ ಸಾಧನೆಯಲ್ಲ, ಅದಕ್ಕೆ ಮೆಚ್ಚುಗೆ ಸಲ್ಲಬೇಕು. ಆದರೆ ಕತೆ ಅಲ್ಲಿ ಪ್ರತಿಮೆಯಾಗಿ ನಿಂತುಬಿಟ್ಟಿದೆ. ಮಕ್ಕಳು ಪ್ರತಿಮೆಯ ಮುಂದೆ ನಿಲ್ಲುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ಮುಂದಿನದಕ್ಕೆ ಓಡುತ್ತಾರೆ. ಕುದುರೆಯನ್ನು ಕಟ್ಟಿಹಾಕಿದ ಲವಕುಶರ ಜೊತೆ ಅವರೂ ಹಗ್ಗ ಹಿಡಿಯುವಂತಿದ್ದರೆ ಆ ಕತೆ ಮನೆಯವರೆಗೂ ಅವರ ಜೊತೆ ಬರುತ್ತಿತ್ತು.

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಯಿತು. ಕಲಾವಿದ ಟಿ.ಬಿ. ಸೊಲಬಕ್ಕನವರು ಅಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ಆಳೆತ್ತರದ ಶಿಲ್ಪಗಳಲ್ಲಿ ಕಟ್ಟಿದರು. ಡಾ. ರಾಜಕುಮಾರ್ ಅವರ ಸಿನಿಮಾ ಪಾತ್ರಗಳಿಗೂ ಅಲ್ಲೊಂದು ಜಾಗ ಕೊಟ್ಟರು. ಸಿನಿಮಾ ಅಭಿಮಾನಕ್ಕೂ ಪಾರ್ಕಿಗೂ ನಂಟು ಬೆಸೆದ ನಿಜವಾದ ಕನ್ನಡದ ಉದಾಹರಣೆ ಇದು. ಗಮನಿಸಬೇಕಾದದ್ದು ಏನೆಂದರೆ, ಜನ ಹೆಚ್ಚು ಹೊತ್ತು ನಿಲ್ಲುವುದು ಹಳ್ಳಿಯ ಶಿಲ್ಪಗಳ ನಡುವೆ. ಅಜ್ಜಿ ಮೊಮ್ಮಗನಿಗೆ 'ನಮ್ಮ ಮನ್ಯಾಗೂ ಹಿಂಗ ಇತ್ತು' ಎಂದು ಹೇಳಿಕೊಡುವ ಜಾಗ ಅದು. ನಾಯಕನ ಮುಂದೆ ಪ್ರೇಕ್ಷಕಳಾಗಿದ್ದ ಅಜ್ಜಿ, ಹಳ್ಳಿಯ ಅಂಗಳದಲ್ಲಿ ಕತೆ ಹೇಳುವವಳಾಗುತ್ತಾಳೆ. ಅವಳಿಗೆ ಅಲ್ಲಿ ಪಾತ್ರ ಸಿಕ್ಕಿದೆ.

ಬಂದವರಿಗೆ ಪಾತ್ರ ಕೊಡುವ ಕಲೆ ನಮಗೆ ಹೊಸದಲ್ಲ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ತಿರುಗುವ ತೊಟ್ಟಿಲು ಮತ್ತು ನಾಟಕ ಕಂಪನಿಗಳ ತಂಬುಗಳು ಅಕ್ಕಪಕ್ಕದಲ್ಲೇ ಇರುತ್ತವೆ. ರೋಮಾಂಚನ ಮತ್ತು ಕತೆ ಎರಡೂ ಒಂದೇ ಸಂಜೆಯಲ್ಲಿ ಸಿಗುತ್ತವೆ. ನಮ್ಮ ಭಾಗದ ಹೆಮ್ಮೆಯ ಶ್ರೀಕೃಷ್ಣ ಪಾರಿಜಾತವಂತೂ ಈ ಪರೀಕ್ಷೆಯನ್ನು ಎಂದೋ ಗೆದ್ದಿದೆ. ಕುಲಗೋಡ ತಮ್ಮಣ್ಣನ ಕಾಲದಿಂದ ಬೆಳೆದು, ಕೌಜಲಗಿ ನಿಂಗಮ್ಮನಂಥ ಕಲಾವಿದೆಯ ಕಂಠದಲ್ಲಿ ಮೆರೆದು, ಮುಧೋಳ ತಾಲ್ಲೂಕಿನ ಲೋಕಾಪುರದಂಥ ಊರುಗಳಲ್ಲಿ ಉಳಿದುಬಂದ ಆಟ ಇದು. ನಾರದ ತಂದ ಪಾರಿಜಾತದ ಹೂವು ರುಕ್ಮಿಣಿಗೆ ಹೋಯಿತೆಂದು ಸತ್ಯಭಾಮೆ ಮುನಿಯುತ್ತಾಳೆ. ಕತೆ ಇಷ್ಟೇ. ಅದನ್ನು ಬೆಳಗಿನ ಜಾವದವರೆಗೆ ನಡೆಸುವುದು ಆಟಗಾರರು ಮತ್ತು ಪ್ರೇಕ್ಷಕರು ಕೂಡಿ. ದೂತಿ ನಮ್ಮೂರಿನ ಮಾತಿನಲ್ಲೇ ಭಾಗವತನೊಡನೆ ಜಗಳಕ್ಕೆ ನಿಲ್ಲುತ್ತಾಳೆ. ಹಾಡು ಮೆಚ್ಚಿ ಯಾರಾದರೂ ಆಹೇರಿ ಕೊಟ್ಟರೆ ಆಟ ಅಲ್ಲಿಗೇ ನಿಲ್ಲುತ್ತದೆ, ಕೊಟ್ಟವರ ಹೆಸರು, ಊರು ಎಲ್ಲರಿಗೂ ಕೇಳುವಂತೆ ಸಾರಿದ ಮೇಲೆಯೇ ಮುಂದುವರಿಯುತ್ತದೆ. ಮಂತ್ರದಂಡದ ಅಂಗಡಿಯಲ್ಲಿ ಬೆಳಕು ಮಾಡುವ ಕೆಲಸವನ್ನು ಇಲ್ಲಿ ಆ ಕೂಗು ಮಾಡುತ್ತದೆ.

ಆದರೂ ಒಂದೇ ಒಂದು ಕತೆ ಆರಿಸು ಎಂದರೆ ನಾನು ಆರಿಸುವುದು ಮುಧೋಳದ ರನ್ನನ 'ಗದಾಯುದ್ಧ'. ಘಟಪ್ರಭೆಯ ದಡದ ಈ ಊರಿನಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿ, ಚಾಲುಕ್ಯರ ಆಸ್ಥಾನಕ್ಕೆ ಏರಿದ ಕವಿ ಹತ್ತನೇ ಶತಮಾನದಲ್ಲಿ ಬರೆದ ಕಾವ್ಯ ಅದು. ಊರ ಮೇಲಿನ ಅಭಿಮಾನ ಈ ಆಯ್ಕೆಗೆ ಕಾರಣವಲ್ಲ, ಕಾವ್ಯದ ಕಟ್ಟಡವೇ ಕಾರಣ. ಅದರ ದೊಡ್ಡ ಭಾಗ ಒಂದು ನಡಿಗೆ. ಎಲ್ಲವನ್ನೂ ಕಳೆದುಕೊಂಡ ದುರ್ಯೋಧನ ಸಂಜಯನ ಜೊತೆ ರಣಭೂಮಿಯನ್ನು ಹಾದು ಭೀಷ್ಮನ ಬಳಿಗೆ ಹೊರಡುತ್ತಾನೆ. ದಾರಿಯಲ್ಲಿ ಗುರು ದ್ರೋಣನ ದೇಹ ಕಾಣುತ್ತದೆ. ವೈರಿಯ ಮಗ ಅಭಿಮನ್ಯುವನ್ನು ಕಂಡು ಕೈಮುಗಿದು ಅವನ ಶೌರ್ಯವನ್ನು ಹೊಗಳುತ್ತಾನೆ. ಹೆತ್ತ ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಒಬ್ಬೊಬ್ಬರಾಗಿ ಎದುರಾಗುತ್ತಾರೆ. ಕೊನೆಗೆ ಶರಶಯ್ಯೆಯ ಭೀಷ್ಮ, ಆಮೇಲೆ ವೈಶಂಪಾಯನ ಸರೋವರ. ಭೀಮನ ಮೂದಲಿಕೆ ನೀರಿನ ಆಳಕ್ಕೂ ಇಳಿದು ಅಲ್ಲಿ ಅಡಗಿದ ದುರ್ಯೋಧನನನ್ನು ಹೊರಗೆಳೆಯುತ್ತದೆ.

ಪಾರ್ಕು ಕಟ್ಟುವವರು ಲಕ್ಷಗಟ್ಟಲೆ ಕೊಟ್ಟು ಬರೆಸುವ ದಾರಿಯ ನಕ್ಷೆ ಇದರಲ್ಲಿ ಸಿದ್ಧವಾಗಿದೆ. ಒಂದೊಂದು ನಿಲ್ದಾಣಕ್ಕೂ ಒಂದು ಭಾವ, ಕೊನೆಯಲ್ಲಿ ಒಂದು ಕೆರೆ, ಅದರ ದಡದಲ್ಲಿ ಗದೆಯ ಕಾಳಗ. ಬಂದವರಿಗೆ ಪಾತ್ರವೂ ಇದೆ. ಅವರು ಸಂಜಯನ ಜಾಗದಲ್ಲಿ ಅರಸನ ಪಕ್ಕದಲ್ಲಿ ನಡೆಯುತ್ತಾರೆ, ಕಂಡದ್ದಕ್ಕೆ ಸಾಕ್ಷಿಯಾಗುತ್ತಾರೆ. ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ' ನಾಟಕದ ಮಾತುಗಳನ್ನು ಬಾಯಿಪಾಠ ಒಪ್ಪಿಸುವ ಹಿರಿಯರು ಇರುವ ನಾಡಿನಲ್ಲಿ ಈ ಕತೆಗೆ ಪ್ರೇಕ್ಷಕರನ್ನು ಹುಡುಕಬೇಕಾಗಿಲ್ಲ, ನಟರನ್ನೂ ಹುಡುಕಬೇಕಾಗಿಲ್ಲ.

ಮಕ್ಕಳಿಗೆ ಬೇಕಾದದ್ದು ವೇಗದ ರೈಡು, ಸಾವಿನ ನಡುವಿನ ನಡಿಗೆ ಯಾರಿಗೆ ಬೇಕು ಎಂಬ ಆಕ್ಷೇಪ ಬರುತ್ತದೆ. ರೈಡಿನ ಮೋಜಿಗೆ ಬಿಡದಿಯ ವಂಡರ್‌ಲಾ 2005ರಿಂದ ಇದೆ, ಇರಲಿ. ಫ್ರಾನ್ಸಿನ ಪುಯ್ ದು ಫೂ ಬೇರೆ ದಾರಿ ಹಿಡಿಯಿತು. 1978ರಲ್ಲಿ ಒಂದು ಪಾಳುಬಿದ್ದ ಕೋಟೆಯ ಮುಂದೆ ಸುತ್ತಲಿನ ಹಳ್ಳಿಗಳ ಜನ ತಮ್ಮ ಸೀಮೆಯ ಚರಿತ್ರೆಯನ್ನು ರಾತ್ರಿ ಹೊತ್ತು ಆಡತೊಡಗಿದರು. ಆ ಬಯಲ ಪ್ರದರ್ಶನದ ಸುತ್ತ ದೊಡ್ಡ ಪಾರ್ಕು ಬೆಳೆಯಿತು, ವೇಗದ ರೈಡುಗಳಿಲ್ಲದೆಯೇ ದೇಶದ ಮುಖ್ಯ ಪಾರ್ಕುಗಳಲ್ಲಿ ಒಂದಾಯಿತು. ರಾತ್ರಿಯ ಆಟದಲ್ಲಿ ಇಂದಿಗೂ ಪಾತ್ರ ಮಾಡುವವರು ಸಾವಿರಾರು ಸ್ವಯಂಸೇವಕರು. ದೊಡ್ಡಾಟದ ನಾಡಿಗೆ ಈ ಮಾದರಿ ಪರಕೀಯವೆನಿಸದು.

ಇನ್ನೊಂದು ಆಕ್ಷೇಪ ಜಮೀನಿನದು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯ ನೆರಳಿನಲ್ಲಿ ಬದುಕುತ್ತಿರುವ ಸೀಮೆ ನಮ್ಮದು. ಇಲ್ಲಿ ನೂರಾರು ಎಕರೆ ಹೊಲ ನುಂಗುವ ಪಾರ್ಕಿನ ಮಾತು ಎತ್ತುವುದೇ ತಪ್ಪು. ನಡಿಗೆಯ ದಾರಿಗೆ, ಒಂದು ಬಯಲು ರಂಗಕ್ಕೆ ಅಷ್ಟು ನೆಲ ಬೇಕಾಗುವುದಿಲ್ಲ. ಸರಕಾರಿ ಜಾಗದ ಒಂದು ಅಂಚು, ಒಂದು ಹಳೆಯ ಕೆರೆಯ ದಡ ಸಾಕು.

ಆದ್ದರಿಂದ ನನ್ನ ತೀರ್ಪು ಇದು: 'ಗದಾಯುದ್ಧ' ಮೊದಲು, ಪಾರಿಜಾತ ಅದರ ಜೊತೆಗೆ, ಮಾಲ್ಗುಡಿಗೆ ಅರಸಾಳಿನಲ್ಲೇ ಇನ್ನಷ್ಟು ಜಾಗ, 'ಕೆಜಿಎಫ್' ಬದಲು ಗಣಿ ಕಾರ್ಮಿಕರ ವಸ್ತುಸಂಗ್ರಹಾಲಯ, 'ಕಾಂತಾರ'ದ ದೈವ ಅದರ ಸ್ಥಾನದಲ್ಲೇ ಇರಲಿ. ಚರ್ಚೆ ಮಾಡುವ ಗೆಳೆಯರಲ್ಲಿ ಒಂದು ಕೇಳಿಕೆ. ಗಳಿಕೆಯ ಲೆಕ್ಕ ಬಿಟ್ಟು, ಈ ಕತೆಯಲ್ಲಿ ನಾನು ಯಾರು ಎಂದು ಕೇಳಿಕೊಳ್ಳಿ. ಮುಂದಿನ ಜಾತ್ರೆಯಲ್ಲಿ ಪಾರಿಜಾತದ ಆಟ ಇದ್ದರೆ ಹೋಗಿ ಕೂಡಿ. ಆಡುವವರಿಗೆ ಜಾತ್ರೆ ದಿನಗಳಾಚೆಗೂ ಕೂಲಿ ಸಿಗುವ ದಾರಿ ಯಾವುದೆಂದು ಯೋಚಿಸಿ. ಜಮಖಂಡಿ ಸೀಮೆಯ ರೈತರು 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ತಾವೇ ಹಣ ಕೂಡಿಸಿ, ಬೆವರು ಸುರಿಸಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದ್ದಾರೆ. ರನ್ನನಿಗೊಂದು ದಾರಿ, ಪಾರಿಜಾತಕ್ಕೊಂದು ರಂಗ ಕಟ್ಟುವುದು ಅದಕ್ಕಿಂತ ದೊಡ್ಡ ಕೆಲಸವಲ್ಲ.